ಮುಚ್ಚಿದ ಕದದ ಎದುರಿನ ಕಲ್ಲು

"ಕೇಳಿರಪ್ಪಾ ಕೇಳಿ. ಮೊರಡಿಕೋಟೆಯ ಹಾಲಪ್ಪನಾಯಕರ ಅಪ್ಪಣೆ. ಹುಲಿಕಣಿವೆಯ ಕೋಟೆ ನಮ್ಮದಾಯಿತು. ಅದು ಹೇಗಾಯಿತೆಂಬುದನ್ನು ದೊರೆಗಳು ಮೂರು ಒಗಟುಗಳಲ್ಲಿ ಇಟ್ಟಿದ್ದಾರೆ. ಮೂರನ್ನೂ ಒಡೆದವನಿಗೆ ದಳವಾಯಿ ಪಟ್ಟ, ಇಲ್ಲವೇ ಅವನು ಬಾಯಿಬಿಟ್ಟು ಕೇಳಿದ್ದು. ಒಂದು ತಪ್ಪಿದರೂ ತಲೆದಂಡ. ಕೇಳಿರಪ್ಪಾ ಕೇಳಿ."

ತಮಟೆಯವನು ಹೀಗೆ ಸಾರುತ್ತ ಕಲ್ಲುಕುಟಿಗರ ಕೇರಿಗೆ ಬಂದಾಗ ಚೌಡ ಯಾರದೋ ಬೀಸುಕಲ್ಲು ಕುಟ್ಟುತ್ತ ಕೂತಿದ್ದ. ಅವನ ಉಳಿ ನಿಂತಿತು.

ಏಳು ವರ್ಷದ ಹಿಂದೆ ಅವನ ಅಣ್ಣ ಬೀರ, ಇಪ್ಪತ್ತೊಂಬತ್ತು ಜನರ ಜೊತೆ ಹುಲಿಕಣಿವೆಯ ದನ ಹೊಡೆದುಕೊಂಡು ಬರಲು ಹೋಗಿ ಸತ್ತಿದ್ದ. ಒಂದು ಕರುವೂ ಬರಲಿಲ್ಲ. ಅವರು ಅಪ್ಪಣೆಯಿಲ್ಲದೆ ಹೋದ ದನಗಳ್ಳರು, ಅವರಿಗೆ ವೀರಗಲ್ಲು ನಿಲ್ಲಿಸಕೂಡದು ಎಂದು ಅರಮನೆಯಿಂದ ಮಾತು ಬಂತು. ಕಾಳಗದಲ್ಲಿ ಸತ್ತವನ ಹೆಸರಿಗೆ ಕಲ್ಲು ನಿಲ್ಲಿಸಿ, ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಎಡೆ ಇಡುವುದು ಆ ನಾಡಿನ ರೂಢಿ. ಎಡೆಯಿಲ್ಲದವನು ಶಿವನ ಪಾದ ಸೇರದೆ ಅಲೆಯುತ್ತಾನೆಂದು ತಾಯಿ ಹೊನ್ನವ್ವ ನಂಬಿದ್ದಳು. ಊರವರ ಕಲ್ಲನ್ನೆಲ್ಲ ಕೆತ್ತುವ ಮಗ ಮನೆಯಲ್ಲಿದ್ದೂ ಅವಳ ಹಿರಿಮಗನಿಗೊಂದು ಕಲ್ಲಿರಲಿಲ್ಲ.

"ಹೋಗ್ತೀಯೇನೋ?" ಅಂದಳು ಹೊನ್ನವ್ವ.

"ಹೋಗ್ತೀನವ್ವ."

"ತಲೆ ಹೋದೀತು."

"ಹೋದ್ರೆ ಇಬ್ಬರಿಗೂ ಕಲ್ಲಿಲ್ಲ. ಅಣ್ಣನ ಜೊತೆಗಿರ್ತೀನಿ ಬಿಡು."

ಅರಮನೆಯ ಚಾವಡಿ ತುಂಬಿತ್ತು. ಹಾಲಪ್ಪನಾಯಕ ಮೀಸೆ ನೇವರಿಸುತ್ತ ಮೊದಲ ಒಗಟು ಹೇಳಿದ. "ಕೆಲವರು ಹೋದರು. ಹೋದವರು ಸೋತು ಮುಗಿದರು. ಗೆದ್ದವರು ಯಾರೂ ತಾರದ್ದನ್ನು ಆ ಸೋತವರು ನನಗೆ ತಂದುಕೊಟ್ಟರು. ಯಾರವರು? ತಂದದ್ದೇನು?"

ಸರದಾರ ಗಾದ್ರಿಪ್ಪ ಎದೆ ಸೆಟೆಸಿ ಮುಂದೆ ಬಂದ. "ಬೇಹುಗಾರರು, ಬುದ್ಧಿ. ತಂದದ್ದು ಸುದ್ದಿ."

"ಬೇಹುಗಾರನಿಗೆ ತಾನು ಬೇಹುಗಾರನೆಂದು ಗೊತ್ತಿರುತ್ತದೆ. ಇವರಿಗೆ ಗೊತ್ತಿರಲಿಲ್ಲ" ಅಂದ ದೊರೆ. ಗಾದ್ರಿಪ್ಪನನ್ನು ಕರೆದೊಯ್ದರು.

ಶಾನುಭೋಗ ನರಹರಿ ಕೈ ಮುಗಿದು, "ಹರಕೆಯ ಕುರಿಗಳು, ಮಹಾಸ್ವಾಮಿ. ತಂದದ್ದು ದೈವದ ಅನುಗ್ರಹ" ಅಂದ.

ದೊರೆ ನಕ್ಕ. "ಬಲು ಹತ್ತಿರ ಬಂದೆ ಕಣಯ್ಯಾ. ಆದರೆ ಕುರಿಗಳಲ್ಲ." ಅವನನ್ನೂ ಕರೆದೊಯ್ದರು. ಆಮೇಲೆ ಯಾರೂ ಏಳಲಿಲ್ಲ. ಚೌಡ ಎದ್ದ.

"ಕಲ್ಲುಪುಡಿ ಝಾಡಿಸಿಕೊಂಡಾದರೂ ಬರಬಾರದೇನೋ" ಎಂದು ಯಾರೋ ಹಂಗಿಸಿದರು.

"ಅವರು ನಮ್ಮಣ್ಣ ಬೀರ, ಮತ್ತವನ ಜೊತೆಯವರು" ಅಂದ ಚೌಡ. "ಕೊಂಬು ಊದಿದ ಮೇಲೆ ಹುಲಿಕಣಿವೆಯವರು ಎಷ್ಟು ಹೊತ್ತಿಗೆ, ಯಾವ ಬಾಗಿಲಿಂದ, ಎಷ್ಟು ಜನ ಹೊರಗೆ ಬರ್ತಾರೆ ಅನ್ನೋ ಲೆಕ್ಕ ತಂದರು. ಅವರು ಹೋಗೋ ಎಂಟು ದಿನ ಮೊದಲು, ಗುಡ್ಡದ ನೆತ್ತಿಯಲ್ಲಿ ಆ ಕೋಟೆಗೆ ಮುಖಮಾಡಿ ಕೂರೋಕೆ ಪೀಠ ಬೇಕು ಅಂದಿರಿ, ಬುದ್ಧಿ. ಕೆತ್ತಿದವನು ನಾನೇ. ಅವರನ್ನ ಕಳಿಸಿ, ಅಲ್ಲಿ ಕೂತು ಎಣಿಸಿದವರು ನೀವು."

ದೊರೆಯ ಮುಖದಲ್ಲಿ ಒಂದು ಬಗೆಯ ಸುಖ ಕಂಡಿತು. ತನ್ನ ಜಾಣತನ ಯಾರಿಗೂ ತಿಳಿಯದೆ ಏಳು ವರ್ಷ ಅವನ ಹೊಟ್ಟೆಯಲ್ಲಿ ಅರಗದೆ ಕೂತಿತ್ತು.

"ಎರಡನೆಯದು ಕೇಳು. ಒಂದು ಕಲ್ಲನ್ನೂ ಮುಟ್ಟದೆ ಅವರ ಕೋಟೆಯ ಗೋಡೆ ಕೆಡವಿದೆ. ಏಳು ವರ್ಷ ಅದರ ಪಕ್ಕದಲ್ಲೇ ಓಡಾಡಿದರೂ ಅವರಿಗೆ ಕಾಣಲಿಲ್ಲ. ಯಾವ ಗೋಡೆ?"

"ಅವರ ಎಚ್ಚರ. ಮೊರಡಿಯವರು ದನಕ್ಕೇ ಬರ್ತಾರೆ, ಮೂಡಲ ಬಾಗಿಲಿಗೇ ಬರ್ತಾರೆ, ಹೊಡೆದರೆ ಓಡ್ತಾರೆ ಅಂತ ಅವರು ನಂಬಿಬಿಟ್ಟರು. ಈ ಸಲವೂ ಮೂಡಲಿಗೆ ನಾಲ್ಕು ಜನರನ್ನ ದನಕ್ಕೆ ಬಿಟ್ಟಿರಿ. ಊರಿಗೆ ಊರೇ ನಗುತ್ತ ಅತ್ತ ಓಡಿತು. ಪಡುವಲ ಬಾಗಿಲ ಕಲ್ಲು ಕೀಳೋಕೆ ದಂಡಿನ ಜೊತೆ ನಾನೂ ಹೋಗಿದ್ದೆ. ಅಲ್ಲಿ ಕಾವಲಿಗೆ ಒಬ್ಬ ಮುದುಕ ಇದ್ದ. ಉಳಿ ಎತ್ತೋದೇ ಬೇಕಾಗಲಿಲ್ಲ."

"ಸರಿ. ಇನ್ನು ಮೂರನೆಯದು. ನಾನೊಂದು ಬಾಗಿಲು ಮುಚ್ಚಿದೆ. ಅದಕ್ಕೇ ಆ ಪಡುವಲ ಬಾಗಿಲು ತೆರೆಯಿತು. ನಾನು ಮುಚ್ಚಿದ್ದು ಯಾವುದು?"

ಚೌಡನಿಗೆ ಉತ್ತರ ಗೊತ್ತಿತ್ತು. ಆದರೆ ಅಣ್ಣನ ಸಾವನ್ನು ಸ್ವಂತ ಬಾಯಲ್ಲಿ ಹೇಳಬೇಕಿತ್ತು.

"ನಮ್ಮ ಹೆಬ್ಬಾಗಿಲು" ಅಂದ. "ಅಟ್ಟಿಸಿಕೊಂಡು ಬಂದ ನಮ್ಮವರಿಗೆ ಅದು ತೆರೆಯಲಿಲ್ಲ."

"ಯಾರು ಹೇಳಿದರು ನಿನಗೆ?"

"ಕದ ಹೇಳಿತು. ಮಾರನೆಯ ಬೆಳಗ್ಗೆ ಹೊಸಿಲುಗಲ್ಲು ತೊಳೆದು ಕೆತ್ತೋಕೆ ನನ್ನನ್ನೇ ಕರೆಸಿದಿರಿ. ಕದದ ಹೊರಮೈಯಲ್ಲಿ ಕತ್ತಿಹಿಡಿ ಬಡಿದ ಗುರುತಿದ್ದವು. ಬಡಿದ ಗುರುತು ಬರಬರುತ್ತ ಕೆಳಗಿಳಿದಿದ್ದವು, ಬುದ್ಧಿ. ಮೊದಲು ಎದೆಯೆತ್ತರ. ಆಮೇಲೆ ಮೊಣಕಾಲೆತ್ತರ."

"ಒಳಗೆ ಬಿಟ್ಟಿದ್ದರೆ ಇದು ಅರಮನೆಯ ಹೂಟವೆಂದು ಹುಲಿಕಣಿವೆಯವರಿಗೆ ತಿಳಿಯುತ್ತಿತ್ತು" ಅಂದ ದೊರೆ. "ಕಳ್ಳರೆಂದು ಕೈಬಿಟ್ಟದ್ದಕ್ಕೇ ನಂಬಿದರು. ಮೂವತ್ತು ಜನ ಹೋದರು, ಸಾವಿರ ಜನ ಉಳಿದರು."

"ನಮ್ಮಣ್ಣನ್ನ ಕೇಳಿದ್ದರೆ ತಿಳಿದೇ ಹೋಗುತ್ತಿದ್ದ. ನಿಮ್ಮ ಉಪ್ಪು ತಿಂದವನು. ಕೇಳಲಿಲ್ಲ ನೀವು. ಗೆದ್ದ ಮೇಲಾದರೂ ಕಳ್ಳ ಅನ್ನೋ ಮಾತು ತೆಗೆಯಬಹುದಿತ್ತು. ಅದನ್ನೂ ತೆಗೆಯಲಿಲ್ಲ."

ದೊರೆ ಮಾತು ಬದಲಿಸಿದ. "ದಳವಾಯಿ ಪಟ್ಟವೋ, ಬೇರೆಯೋ?"

"ಹೆಬ್ಬಾಗಿಲ ಎದುರು ಮೂರು ಮಾರು ಜಾಗ. ಅಲ್ಲೊಂದು ಕಲ್ಲು."

ಇಷ್ಟೇ ತಾನೇ ಎಂದುಕೊಂಡು ದೊರೆ ತುಂಬಿದ ಚಾವಡಿಯಲ್ಲಿ ಮಾತು ಕೊಟ್ಟ.

ಚೌಡ ಮೂರು ತಿಂಗಳು ಕೆತ್ತಿದ. ಮೇಲಿನ ಸಾಲಿನಲ್ಲಿ ಲಿಂಗ, ನಡುವೆ ವೀರರನ್ನು ಕರೆದೊಯ್ಯುವ ದೇವಕನ್ಯೆಯರು, ಎಲ್ಲ ಕಲ್ಲುಗಳಲ್ಲಿ ಇರುವಂತೆಯೇ. ಕೆಳಗಿನ ಸಾಲಿನಲ್ಲಿ ವೀರರು ಶತ್ರುವಿಗೆ ಎದೆಯೊಡ್ಡಿ ನಿಲ್ಲಬೇಕು. ಇಲ್ಲಿ ಮೂವತ್ತು ಜನ ಶತ್ರುವಿಗೆ ಬೆನ್ನುಮಾಡಿ, ಮುಚ್ಚಿದ ಕದಕ್ಕೆ ಕೈಯೂರಿ ನಿಂತಿದ್ದರು. ಕದದ ಮೇಲೆ ಅರಮನೆಯ ಕರಡಿ ಮುದ್ರೆಯಿತ್ತು.

ಕೊಟ್ಟ ಮಾತು, ಮೇಲೆ ಲಿಂಗವಿರುವ ಕಲ್ಲು. ಒಡೆಸಲು ದೊರೆಗೆ ಧೈರ್ಯ ಬರಲಿಲ್ಲ. ಅವನು ಹಿತ್ತಲ ದಿಡ್ಡಿಬಾಗಿಲಿಂದ ಓಡಾಡತೊಡಗಿದ. ಹೊನ್ನವ್ವ ಕಲ್ಲಿಗೆ ಎಣ್ಣೆ ಹಚ್ಚಿ ಎಡೆಯಿಟ್ಟು, ಮೂವತ್ತು ಮುಖಗಳಲ್ಲಿ ತನ್ನ ಮಗನನ್ನು ಹುಡುಕಿ ಬೆರಳಿನಿಂದ ಸವರಿದಳು.

ಮರುವರ್ಷ ಇನ್ನೊಂದು ಗಡಿಯ ಮೇಲೆ ಹೋಗಿಬರಲು ಮೂವತ್ತು ಜನ ಬೇಕೆಂದು ಅಪ್ಪಣೆಯಾಯಿತು. ಆಳುಗಳು ಕತ್ತಿ ಕಟ್ಟಿಕೊಂಡು ಬಂದರು, ಕಲ್ಲಿಗೆ ಕೈ ಮುಗಿದರು, ಅಲ್ಲೇ ನಿಂತರು.

"ಹೊರಡಿ, ಇನ್ನೇನು?" ಅಂದ ಹೊಸ ದಳವಾಯಿ.

"ಹೊರಡ್ತೀವಿ, ಒಡೆಯಾ" ಅಂದ ಅವರಲ್ಲಿ ಹಿರಿಯ. "ನಾವು ಬರೋವರೆಗೆ ಕದದ ಅಗುಳಿ ಯಾರ ಕೈಲಿರುತ್ತೆ, ಅದೊಂದು ಹೇಳಿಬಿಡಿ."

ಅರಮನೆಯಿಂದ ಅದಕ್ಕೆ ಉತ್ತರ ಬರಲಿಲ್ಲ. ಆ ವರ್ಷ ಯಾರೂ ಹೊರಡಲೂ ಇಲ್ಲ. ಹೊರಟವರೆಲ್ಲರಿಗೂ ಮರಳಿ ಬಂದಾಗ ಮನೆಯ ಕದ ತೆರೆದಿರುವಂತೆ ಶಿವ ನೋಡಿಕೊಳ್ಳಲಿ.