ಗಾಣಿಗನ ಬಳ್ಳಿ

“ತಾಯಿ, ನಾನು ಕತ್ತಲಲ್ಲಿ ಕೂರಬೇಕೋ, ಬೆಳಕಿನಲ್ಲಿ ಕೂರಬೇಕೋ? ಎರಡರಲ್ಲಿ ಒಂದು ಹೇಳಿಬಿಡಿ.”

ಕೇಳಿದವಳು ದೇಮವ್ವ, ಬೆಟ್ಟದ ಮೇಲಿನ ಆಶ್ರಮದ ಶಿಷ್ಯೆ. ಮೊದಲ ನಾಲ್ಕು ತಿಂಗಳು ಗುರು ಅವಳನ್ನು ಮುಂದಿನ ಜಗಲಿಯಲ್ಲಿ ಕೂರಿಸಿ, ಬಂದವರೊಡನೆಲ್ಲ ಮಾತಾಡು ಎಂದಿದ್ದಳು. ಆಮೇಲಿನ ನಾಲ್ಕು ತಿಂಗಳು ಗವಿಯಲ್ಲಿ ಕೂರಿಸಿ, ಯಾರೊಡನೆಯೂ ಮಾತಾಡಬೇಡ ಎಂದಿದ್ದಳು. ಈಗ ಬೆಳಿಗ್ಗೆ ಗವಿ, ಮಧ್ಯಾಹ್ನ ಜಗಲಿ. ದೇಮವ್ವನಿಗೆ ಜಗಲಿಯಲ್ಲಿ ಮಾತು ಬರುತ್ತಿರಲಿಲ್ಲ, ಗವಿಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಊರಿಗೆ ಹೊರಟುಬಿಡೋಣವೆಂದು ಬಟ್ಟೆಯ ಗಂಟು ಕಟ್ಟಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದಳು.

ಗುರು, ಹಲ್ಲುಬಿದ್ದ ಮುದುಕಿ, ಗಂಟನ್ನೊಮ್ಮೆ ನೋಡಿದಳು. “ಕೂತುಕೋ. ಹೋಗುವುದಿದ್ದರೆ ಕತೆ ಕೇಳಿಕೊಂಡು ಹೋಗು” ಎಂದಳು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನು ಎತ್ತನ್ನು ಸುತ್ತಿಸಿ ಎಣ್ಣೆ ತೆಗೆಯುತ್ತಿದ್ದ, ಅವನ ಹೆಂಡತಿ ಗಾಣದ ಬಾಯಿಗೆ ಕಾಳು ಹಾಕುತ್ತಿದ್ದಳು. ಒಂದು ಮಳೆಗಾಲ ಅವಳ ಮಂಡಿ ಹಿಡಿದುಕೊಂಡಿತು. ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಜೇನು ಮಾರಲು ಬಂದ ಕಾಡಿನ ಹೆಂಗಸೊಬ್ಬಳು ಅವಳ ಮಂಡಿ ಮುಟ್ಟಿ ನೋಡಿ, ಮುಂದಿನ ಸಂತೆಗೆ ಬರುವಾಗ ಒಂದು ಬಳ್ಳಿಯನ್ನು ಕುಂಡದಲ್ಲಿ ತಂದುಕೊಟ್ಟಳು. “ಕಾಡಿನಲ್ಲಿ ಮರ ಹತ್ತುವ ಬಳ್ಳಿ ಇದು. ಎಲೆ ಅಂಗೈಯಗಲ ಆದಮೇಲೆ ಬಿಸಿಮಾಡಿ ಮಂಡಿಗೆ ಕಟ್ಟು. ಅಲ್ಲಿಯವರೆಗೆ ಸರಿಯಾದ ಬೆಳಕು ಕೊಡು, ಸಾಕು” ಎಂದು ಹೇಳಿ ಹೋದಳು. ಸರಿಯಾದ ಬೆಳಕೆಂದರೆ ಎಷ್ಟೆಂದು ಗಾಣಿಗ ಕೇಳಲಿಲ್ಲ. ಊರಿಗೆಲ್ಲ ದೀಪದ ಎಣ್ಣೆ ಕೊಡುವವನು ಬೆಳಕಿನ ವಿಚಾರ ಇನ್ನೊಬ್ಬರನ್ನು ಕೇಳುವುದೇ?

ಕೊಟ್ಟಷ್ಟೂ ಒಳ್ಳೆಯದೆಂದುಕೊಂಡ. ಅವನಿಗೆ ತಿಳಿದ ಕೆಲಸ ಒಂದೇ, ಸುತ್ತುವುದು. ಬಿಸಿಲು ಸರಿದಂತೆಲ್ಲ ಕುಂಡ ಎತ್ತಿಕೊಂಡು, ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಅದರ ಹಿಂದೆ ಹೋದ. ಹತ್ತು ದಿನದಲ್ಲಿ ಎಲೆಗಳು ಸುಟ್ಟ ಹಪ್ಪಳದಂತಾದವು. ನೆರೆಯವನು ಬಂದು, “ಕಾಡಿನ ಗಿಡಕ್ಕೆ ಬಿಸಿಲೇ? ನೆರಳಿಗಿಡಯ್ಯ” ಎಂದ. ಗಾಣಿಗ ಅದನ್ನು ಎಣ್ಣೆ ಕೊಡಗಳ ಕೋಣೆಗೆ ಒಯ್ದಿಟ್ಟ. ಅಲ್ಲಿ ಬಳ್ಳಿ ದಾರದಂತೆ ಉದ್ದವಾಯಿತು, ಎಲೆ ಬೆರಳಿನ ಉಗುರಿನಷ್ಟಾಯಿತು. ಹಾಗಾದರೆ ಅರ್ಧ ಅದು, ಅರ್ಧ ಇದು ಎಂದು ಬೆಳಿಗ್ಗೆ ಒಳಗೆ, ಮಧ್ಯಾಹ್ನ ಹೊರಗೆ ಇಟ್ಟ. ಇದ್ದ ಎಲೆಯೂ ಉದುರತೊಡಗಿತು. ಬಿಸಿಲು ತಪ್ಪೆಂದರೆ ನೆರಳು ಸರಿಯಿರಬೇಕು, ನೆರಳು ತಪ್ಪೆಂದರೆ ಬಿಸಿಲು ಸರಿಯಿರಬೇಕು, ಎರಡೂ ತಪ್ಪಾದರೆ ಉಳಿದದ್ದೇನು? ಗಾಣಿಗನ ತಲೆಯೇ ಗಾಣವಾಯಿತು. ಒಂದು ದಿನ ಕುಂಡ ಎತ್ತಿಕೊಂಡು ಹೊಸ್ತಿಲ ಮೇಲೆ ನಿಂತವನಿಗೆ, ತಾನು ಒಳಗೆ ಹೊರಟಿದ್ದೆನೋ ಹೊರಗೆ ಹೊರಟಿದ್ದೆನೋ ನೆನಪಾಗಲಿಲ್ಲ.

ಹಾಸಿಗೆಯಿಂದ ಹೆಂಡತಿ ಹೇಳಿದಳು: “ಆ ಕುಂಡದ ಬದಲು ನನ್ನನ್ನು ಹೊತ್ತು ತಿರುಗಿದ್ದರೆ ಇಷ್ಟರಲ್ಲಿ ಮೂರು ಊರು ನೋಡಿರುತ್ತಿದ್ದೆ. ಎತ್ತಿಗಾದರೂ ತಲೆ ಸುತ್ತದಿರಲೆಂದು ಕಣ್ಣಿಗೆ ಬಟ್ಟೆ ಕಟ್ಟುತ್ತೀಯ. ಪಾಪ, ಆ ಬಳ್ಳಿಗೆ ಅದೂ ಇಲ್ಲ.”

ಮೂರೇ ಎಲೆ ಉಳಿದಾಗ ಗಾಣಿಗ ಕುಂಡ ಹೊತ್ತು ಕಾಡಿಗೆ ಹೋದ. ಆ ಹೆಂಗಸು ಕುಂಡ ನೋಡಿದಳು. ಅವನನ್ನು ಒಂದು ದೊಡ್ಡ ಮರದ ಬುಡಕ್ಕೆ ಕರೆದೊಯ್ದಳು. ಅಲ್ಲಿ ನಡುಹಗಲಿನಲ್ಲೂ ಮಬ್ಬು. ಅದೇ ಜಾತಿಯ ಬಳ್ಳಿ ಮಣ್ಣಿನಿಂದೆದ್ದು, ಬೆಳಕಿದ್ದ ಕಡೆಯನ್ನು ಬಿಟ್ಟು, ಎಲ್ಲಕ್ಕಿಂತ ಕಪ್ಪಗಿದ್ದ ಕಾಂಡದ ಕಡೆಗೆ ತೆವಳಿತ್ತು. ಅಲ್ಲಿಂದ ಮೇಲಕ್ಕೆ ಹತ್ತಿ, ಕುತ್ತಿಗೆ ನೋಯುವಷ್ಟು ಎತ್ತರದಲ್ಲಿ, ಬಿಸಿಲಿನಲ್ಲಿ ಅಂಗೈಯಗಲದ ಎಲೆ ಬಿಟ್ಟಿತ್ತು.

“ಹಾಗಾದರೆ ಇದಕ್ಕೆ ಬೇಕಾದ್ದು ಕತ್ತಲೋ ಬೆಳಕೋ?” ಎಂದ ಗಾಣಿಗ.

“ಮರ” ಎಂದಳು ಹೆಂಗಸು. “ಕತ್ತಲಲ್ಲಿ ಅದಕ್ಕೆ ಮರ ಸಿಗುತ್ತದೆ. ಮರ ಸಿಕ್ಕಮೇಲೆ ಬೆಳಕಿಗೆ ತಾನೇ ಹೋಗುತ್ತದೆ. ನೀನ್ಯಾಕೆ ಹೊರುತ್ತೀಯ?”

ಗಾಣಿಗನ ಹಿತ್ತಲಿನಲ್ಲಿ ಅವನ ಅಜ್ಜ ನೆಟ್ಟ ಹೊಂಗೆಯ ಮರವಿತ್ತು. ವರ್ಷವರ್ಷವೂ ಅದರ ಬೀಜ ಅರೆದು ಎಣ್ಣೆ ತೆಗೆದಿದ್ದನೇ ಹೊರತು, ಅದರ ಬುಡದ ನೆರಳನ್ನು ಅವನು ನೋಡಿರಲಿಲ್ಲ. ಕುಂಡ ಒಡೆದು ಬಳ್ಳಿಯನ್ನು ಅಲ್ಲಿ ನೆಟ್ಟ. ಆಮೇಲೆ ಕೈಕಟ್ಟಿ ಕೂತ. ಆ ಕೂರುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೈ ತಾನಾಗಿಯೇ ಕುಂಡ ಹುಡುಕುತ್ತಿತ್ತು. ಎರಡು ಮಳೆಗಾಲ ಹೋದಮೇಲೆ ಅಂಗೈಯಗಲದ ಎಲೆಗಳು ಕೊಂಬೆಯಿಂದ ಇಳಿಬಿದ್ದವು. ಎಲೆ ಕಟ್ಟತೊಡಗಿದ ಮೂರನೆಯ ತಿಂಗಳು ಹೆಂಡತಿ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದಳು. ಅಂದಿನ ಎಲೆಯನ್ನು ತಾನೇ ಕಿತ್ತುಕೊಂಡಳು.

ಇಷ್ಟು ಹೇಳಿ ಗುರು ಕತೆ ಮುಗಿಸಿದಳು.

ದೇಮವ್ವ ಯೋಚಿಸಿದಳು. ಯೋಚಿಸಿದಷ್ಟೂ ಗೊಂದಲ ಹೆಚ್ಚಿತು. “ತಿಳಿಯಿತು ತಾಯಿ” ಎಂದಳು, ತಿಳಿಯದೆಯೇ. “ನನ್ನ ಮನಸ್ಸೇ ಆ ಬಳ್ಳಿ. ಅದನ್ನು ಹೊತ್ತು ಸುತ್ತಿದ ದಡ್ಡ ಗಾಣಿಗ ನಾನು. ಇನ್ನುಮೇಲೆ ತಿದ್ದಿಕೊಳ್ಳುತ್ತೇನೆ.”

ಮುದುಕಿ ಅವಳ ಗಂಟಿನ ಕಡೆಗೆ ಕೈಚಾಚಿದಳು. ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

“ಅಲ್ಲ ಮಗಳೇ, ಆ ದಡ್ಡ ಗಾಣಿಗ ನಾನು.”