ಏಳದ ಕಂಪ್ಯೂಟರೂ ಕೆಂಚಣ್ಣನ ತಲೆಯೂ

"ಕೇಳಿರಿ, ಹೊನ್ನೇರಿಯ ಮಹಾಜನರೇ! ಅರಮನೆಯ ಕಂಪ್ಯೂಟರ್ ಏಳುತ್ತಿಲ್ಲ. ದೊರೆಯ ಮೂರು ಒಗಟು ಬಿಡಿಸಿ ಅದನ್ನು ಎಬ್ಬಿಸಿದವರಿಗೆ ಎರಡು ವರ. ತಪ್ಪಿದವರ ತಲೆ ಹಾರುತ್ತದೆ. ಯಾರೂ ಗೆಲ್ಲದಿದ್ದರೆ ಶುಕ್ರವಾರ ಯಂತ್ರ ಕಾಯುವ ಕೆಂಚಣ್ಣನ ತಲೆ!" ಎಂದು ಡಂಗುರದವನು ಸಾರಿದ.

ಕೆಂಚಣ್ಣನ ತಪ್ಪೇನೂ ಇರಲಿಲ್ಲ. ಕಂಪ್ಯೂಟರಿಗೆ ಅದನ್ನು ನಡೆಸುವ ಹೊಸ ವ್ಯವಸ್ಥೆ ತುಂಬಿದವನು ಪ್ರಧಾನಿ ತಿಮ್ಮರಸ. ಮರುದಿನ ಅದು ಕೈಕೊಟ್ಟಾಗ ಆ ಮಹಾಶಯ ಕೆಂಚಣ್ಣನತ್ತ ಬೆರಳು ತೋರಿಸಿ ಅವನನ್ನು ಸೆರೆಗೆ ಹಾಕಿಸಿದ. ಯಂತ್ರದ ಕೋಣೆ ಗುಡಿಸುವ ಚೌಡಿ, ಕೆಂಚಣ್ಣನ ತಂಗಿ, ಅಂದಿನಿಂದ ಹಲ್ಲು ಕಚ್ಚಿಕೊಂಡೇ ಇದ್ದಳು.

"ಉಸಿರಾಡುತ್ತದೆ, ಕಣ್ಣು ಬಿಡುತ್ತದೆ, ಏಳುವುದಿಲ್ಲ. ಸತ್ತಿದೆಯೋ, ಬದುಕಿದೆಯೋ?" ದೊರೆ ಕೇಳಿದ.

ಆಸ್ಥಾನದ ಜೋಯಿಸ "ಸತ್ತಿದೆ" ಎಂದು ತಾನೇ ಸತ್ತ. ಪರದೇಶದ ಪಂಡಿತ "ಬದುಕಿದೆ" ಎಂದು ಎರಡನೆಯದಕ್ಕೆ ಬಂದ.

"ಮನೆ ತುಂಬ ಸಾಮಾನಿದೆ, ಒಳಗೆ ಕರೆದೊಯ್ಯುವವರಿಲ್ಲ. ಕಾಣೆಯಾದದ್ದು ಏನು?"

"ಡಿಸ್ಕು" ಎಂದ ಪಂಡಿತ. ಬಿಚ್ಚಿ ನೋಡಿದರೆ ಡಿಸ್ಕು ಅಲ್ಲೇ ಇತ್ತು. ಅವನ ತಲೆಯೂ ಹೋಯಿತು.

ಆಗ ಚೌಡಿ ಮುಂದೆ ಬಂದಳು. ತಿಮ್ಮರಸ ನಕ್ಕ. "ಕಸ ಗುಡಿಸೋಳಿಗೆ ಒಗಟೇ?"

"ಕಸ ಎಲ್ಲಿದೆ ಅಂತ ನಮಗೆ ಬೇಗ ಗೊತ್ತಾಗ್ತದೆ, ಸ್ವಾಮಿ."

ದೊರೆಗೆ ಕೈಮುಗಿದು ಹೇಳಿದಳು: "ಬದುಕಿದೆ, ಬುದ್ಧಿ. ಫ್ಯಾನು ತಿರುಗ್ತದೆ, ಪರದೆ ಮೇಲೆ ಅಕ್ಷರ ಬರ್ತದೆ. ಕಾಣೆಯಾದದ್ದು ಬೂಟ್‌ಲೋಡರ್. ಒಳಗಿನ ವ್ಯವಸ್ಥೆಯನ್ನ ಎಬ್ಬಿಸೋದು ಅದೇ. ಅಣ್ಣ ಹೇಳಿಕೊಟ್ಟಿದ್ದ."

"ಸರಿ, ಇನ್ನು ಮೂರನೆಯದು. ಪ್ರಧಾನಿಗಳು ಎದುರಿಗಿದ್ದಾಗ ಎದ್ದಿತು, ಅವರು ಹೋದಮೇಲೆ ಏಳಲಿಲ್ಲ. ಏಕೆ?"

ಚೌಡಿ ನೇರ ತಿಮ್ಮರಸನ ಮುಂದೆ ಹೋಗಿ ನಿಂತಳು. "ಶುಭಕಾರ್ಯಕ್ಕೆ ಬಳಸಿದ ಉಪಕರಣವನ್ನ ಚಿನ್ನದ ಸರಕ್ಕೆ ಕಟ್ಟಿ ಕೊರಳಿಗೆ ಹಾಕ್ಕೊಳ್ಳೋದು ನಮ್ಮೂರ ಮರ್ಯಾದೆ. ಹೊಸ ವ್ಯವಸ್ಥೆ ತುಂಬಿದ ಪೆನ್‌ಡ್ರೈವ್ ಇವರ ಕೊರಳಲ್ಲಿದೆ. ಬೂಟ್‌ಲೋಡರ್ ಎಲ್ಲಿ ಹಾಕಲಿ ಅಂತ ಯಂತ್ರ ಕೇಳಿದಾಗ ಇವರು ಓದದೇ ಒತ್ತಿದ್ರು. ಒಳಗಿನ ಡಿಸ್ಕಿಗೆ ಹೋಗಬೇಕಾದ್ದು ಪೆನ್‌ಡ್ರೈವಿಗೆ ಹೋಯ್ತು. ಅದನ್ನೇ ಕಿತ್ತು ಹಾಕ್ಕೊಂಡು ಮೆರೀತಿದಾರೆ!"

ಸರ ಎಳೆದುಕೊಂಡು ಪೆನ್‌ಡ್ರೈವ್ ಚುಚ್ಚಿದಳು. ಕಂಪ್ಯೂಟರ್ ಎದ್ದಿತು. ಬೂಟ್‌ಲೋಡರನ್ನು ಒಳಗಿನ ಡಿಸ್ಕಿಗೆ ಬರೆದು, ಪೆನ್‌ಡ್ರೈವ್ ಕಿತ್ತು, ಮತ್ತೆ ಶುರು ಮಾಡಿದಳು. ಈಗಲೂ ಎದ್ದಿತು.

"ವರ ಕೇಳಮ್ಮ" ಎಂದ ದೊರೆ.

"ಒಂದು, ನಮ್ಮಣ್ಣನ ಬಿಡುಗಡೆ. ಇನ್ನೊಂದು, ಇವರ ತಲೆ."

ಬಿಡುಗಡೆಯಾಗಿ ಬಂದ ಕೆಂಚಣ್ಣನ ಕಾಲಿಗೆ ತಿಮ್ಮರಸ ದೊಪ್ಪನೆ ಬಿದ್ದ. ಕೆಂಚಣ್ಣನ ಕಣ್ಣು ತುಂಬಿತು. "ಬಿಟ್ಟುಬಿಡವ್ವ ಚೌಡಿ. ನಾನು ಕ್ಷಮಿಸಿದೀನಿ."

"ನೀನು ಒಳ್ಳೆಯವನು ಕಣಣ್ಣ" ಎಂದಳು ಚೌಡಿ. ಆಮೇಲೆ ದೊರೆಯತ್ತ ತಿರುಗಿದಳು. "ನಾನು ಅಷ್ಟು ಒಳ್ಳೆಯವಳಲ್ಲ, ಬುದ್ಧಿ."

ತಿಮ್ಮರಸನ ತಲೆ ಉರುಳಿತು. ಅತಿಯಾಯಿತು ಎನ್ನುವವರು ಎನ್ನಲಿ. ಕತೆ ಹೇಳಿದ ನನಗಂತೂ ಹೊಟ್ಟೆ ತಣ್ಣಗಾಯಿತು.