ಪಂಪಕ್ಕನ ಕಾರಿಗೆ ಸೆಕೆಯಾದದ್ದು

ಒಂದು ಗಂಭೀರ ಸುದ್ದಿ. ಇಂದು ಬೆಳಿಗ್ಗೆ ಕೂಡ್ಲಿಗಿ ರಸ್ತೆಯಲ್ಲಿ ಒಂದು ರಬ್ಬರ್ ಪಟ್ಟಿ ಕಳೆದುಹೋಯಿತು. ಕಪ್ಪು ಬಣ್ಣ. ಬಳೆಯ ಹಾಗೆ ದುಂಡಗೆ. ಪಂಪಕ್ಕನ ಹಳೆಯ ಕಾರಿನಿಂದ ಬಿತ್ತು. ಪಂಪಕ್ಕನಿಗೆ ಗೊತ್ತಾಗಲಿಲ್ಲ.

ಅವಳು ತಮ್ಮನ ಮಗಳ ತೊಟ್ಟಿಲ ಶಾಸ್ತ್ರಕ್ಕೆ ಹೊರಟಿದ್ದಳು. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಅತ್ತೆ ಬಾರದೆ ಹೆಸರಿಲ್ಲ.

ಕಾರು ಬುಸ್ ಎಂದಿತು. ನಿಂತಿತು.

"ಯಾಕಪ್ಪಾ ನಿಂತೆ?"

"ಎಂಜಿನ್ನಿಗೆ ಸೆಕೆ. ನಾನು ಓಡುವುದಿಲ್ಲ."

ಪಂಪಕ್ಕ ಬಾನೆಟ್ ಎತ್ತಿದಳು.

"ಎಂಜಿನ್ನೇ, ಎಂಜಿನ್ನೇ, ಕಾರು ಓಡದು, ಮಗುವಿಗೆ ಹೆಸರಿಲ್ಲ. ಯಾಕೆ ಸೆಕೆ?"

"ರೇಡಿಯೇಟರ್ ಬಿಸಿನೀರು ಕಳಿಸುತ್ತದೆ. ಅದನ್ನು ಕೇಳು."

"ರೇಡಿಯೇಟರೇ, ರೇಡಿಯೇಟರೇ, ಎಂಜಿನ್ನಿಗೆ ಸೆಕೆ, ಕಾರು ಓಡದು, ಮಗುವಿಗೆ ಹೆಸರಿಲ್ಲ. ನೀರು ಯಾಕೆ ಬಿಸಿ?"

"ಮುಚ್ಚಳ ಮುಟ್ಟಬೇಡ, ಕೈ ಸುಡುತ್ತದೆ. ಹೊಟ್ಟೆ ತುಂಬ ನೀರಿದೆ. ಗಾಳಿ ಇಲ್ಲ. ಫ್ಯಾನನ್ನು ಕೇಳು."

"ಫ್ಯಾನೇ, ಫ್ಯಾನೇ, ನೀರು ಬಿಸಿ, ಎಂಜಿನ್ನಿಗೆ ಸೆಕೆ, ಕಾರು ಓಡದು, ಮಗುವಿಗೆ ಹೆಸರಿಲ್ಲ. ಯಾಕೆ ತಿರುಗುವುದಿಲ್ಲ?"

"ತಿರುಗಿಸುವ ಪಟ್ಟಿಯೇ ಇಲ್ಲವಲ್ಲ ತಾಯಿ. ದಾರಿಯಲ್ಲಿ ಬಿತ್ತು. ನಾನು ಕೂಗಿ ಹೇಳಿದೆ. ನೀನು ಹಾಡು ಹೇಳುತ್ತಿದ್ದೆ."

"ಸರಿ, ತರುತ್ತೇನೆ" ಎಂದಳು ಪಂಪಕ್ಕ. ಬಂದ ದಾರಿಯಲ್ಲೇ ನಡೆದಳು. ಪಟ್ಟಿ ಕಂಡಿತು. ಅದರ ಮೇಲೆ ಎಮ್ಮೆ ಮಲಗಿತ್ತು.

"ಎಮ್ಮೇ, ಎಮ್ಮೇ, ಫ್ಯಾನ್ ತಿರುಗದು, ನೀರು ಬಿಸಿ, ಎಂಜಿನ್ನಿಗೆ ಸೆಕೆ, ಕಾರು ಓಡದು, ಮಗುವಿಗೆ ಹೆಸರಿಲ್ಲ. ಏಳು."

"ಈಗಷ್ಟೇ ಮಲಗಿದ್ದೇನೆ. ನನ್ನ ಯಜಮಾನನನ್ನು ಕೇಳು."

ಯಜಮಾನ ದುರುಗಜ್ಜ. ಬೇವಿನ ಮರದ ಕೆಳಗೆ ಕೂತಿದ್ದ.

"ಅಜ್ಜಾ, ಅಜ್ಜಾ, ಎಮ್ಮೆ ಏಳದು, ಫ್ಯಾನ್ ತಿರುಗದು, ನೀರು ಬಿಸಿ, ಎಂಜಿನ್ನಿಗೆ ಸೆಕೆ, ಕಾರು ಓಡದು, ಮಗುವಿಗೆ ಹೆಸರಿಲ್ಲ. ಎಬ್ಬಿಸು."

"ಅದು ನನ್ನ ಮಾತು ಎಲ್ಲಿ ಕೇಳುತ್ತದೆ ತಂಗೀ? ಬಕೆಟ್ಟಿನ ಮಾತು ಕೇಳುತ್ತದೆ."

ಅಜ್ಜ ಹಿಂಡಿಯ ಬಕೆಟ್ ಬಡಿದ. ದಣ್, ದಣ್.

ಬಕೆಟ್ ದಣ್ ಎಂದಿತು, ಎಮ್ಮೆ ಎದ್ದಿತು. ಎಮ್ಮೆ ಎದ್ದಿತು, ಪಟ್ಟಿ ಸಿಕ್ಕಿತು. ಪಂಪಕ್ಕ ಅದನ್ನು ಸೆರಗಿನಲ್ಲಿ ಒರೆಸಿದಳು. ಕಾರಿಗೆ ಮರಳಿ ಜಾಗಕ್ಕೆ ಹಾಕಿದಳು. ಸ್ಪ್ಯಾನರ್ ಹಿಡಿದು ಬಿಗಿ ಮಾಡಿದಳು. ಪಟ್ಟಿ ಎಳೆಯಿತು, ಫ್ಯಾನ್ ತಿರುಗಿತು. ಫ್ಯಾನ್ ತಿರುಗಿತು, ನೀರು ತಣಿಯಿತು. ನೀರು ತಣಿಯಿತು, ಎಂಜಿನ್ನಿನ ಸೆಕೆ ಹೋಯಿತು. ಸೆಕೆ ಹೋಯಿತು, ಕಾರು ಓಡಿತು. ಕಾರು ಓಡಿತು, ಅತ್ತೆ ಬಂದಳು. ಅತ್ತೆ ಬಂದಳು, ತೊಟ್ಟಿಲಿಗೆ ಬಾಗಿದಳು, ಕಿವಿಯಲ್ಲಿ ಹೇಳಿದಳು.

ಮಗುವಿನ ಹೆಸರು ತುಂಗಾ. ಆಗ ಅದು ನಿದ್ದೆ ಮಾಡುತ್ತಿತ್ತು.